ಗೇಟಿನಾಚೆಯ ನಾನೂರು ಮೀಟರ್

ಎಪ್ಪತ್ತು ದಾಟಿದವರು ವಾಕಿಂಗ್ ಬಿಟ್ಟರೆ ಮನೆಯವರ ಕಣ್ಣು ಮೊದಲು ಹೋಗುವುದು ಮಂಡಿಯ ಮೇಲೆ. ಎಕ್ಸ್-ರೇ ಆಗುತ್ತದೆ, ಎಣ್ಣೆ ಬರುತ್ತದೆ, ನೀ ಕ್ಯಾಪ್ ಬರುತ್ತದೆ, ಫಿಸಿಯೋ ಹತ್ತು ಸಿಟ್ಟಿಂಗ್ ಮುಗಿಯುತ್ತದೆ. ಗೇಟಿನಾಚೆ ಹೋಗಿ ರಸ್ತೆ ನೋಡಿ ಬರುವವರು ಮಾತ್ರ ಕಡಿಮೆ. ಮೂರನೇ ಮನೆಯ ಮುಂದೆ ಚರಂಡಿಯ ಚಪ್ಪಡಿ ಅಲ್ಲಾಡುತ್ತಿರುತ್ತದೆ. ತಿರುವಿನಲ್ಲಿ ಕಸದ ರಾಶಿ, ಅದರ ಸುತ್ತ ನಾಲ್ಕು ನಾಯಿ. ಅದನ್ನು ದಾಟಿದರೆ ಸಿಗ್ನಲ್ ಇಲ್ಲದ ಮುಖ್ಯರಸ್ತೆ. ಅಜ್ಜನಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಸಂಕೋಚ, ಹೇಳಿದರೆ 'ಹಾಗಾದರೆ ಹೋಗಲೇಬೇಡಿ' ಅಂದುಬಿಟ್ಟಾರು ಎನ್ನುವ ಭಯ ಬೇರೆ. ಅದಕ್ಕೇ 'ಮಂಡಿ ನೋವು' ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಮೊದಲು ಸೋತಿರುವುದು ರಸ್ತೆ. ನಡೆಯದೆ ಕೂತ ಮೇಲೆ ಮಂಡಿಯೂ ಸೋಲುತ್ತದೆ.

ಈ ಬರಹದ ಉದಾಹರಣೆಗಳೆಲ್ಲ ಬೆಂಗಳೂರಿನವು. ಮೈಸೂರು, ಹುಬ್ಬಳ್ಳಿ, ದಾವಣಗೆರೆಯವರಿಗೂ ಅಳತೆಗಳು ಅವೇ. ದೂರು ಕೊಡುವ ನಂಬರ್ ಮಾತ್ರ ಬೇರೆ.

ಮೊದಲು ಒಂದು ಲೆಕ್ಕ. ಎಪ್ಪತ್ತೈದರ ಆಸುಪಾಸಿನಲ್ಲಿ ತಕ್ಕಮಟ್ಟಿಗೆ ಓಡಾಡಿಕೊಂಡಿರುವವರ ವೇಗ ಸೆಕೆಂಡಿಗೆ ಸುಮಾರು 0.8 ಮೀಟರ್ ಎಂದಿಟ್ಟುಕೊಳ್ಳಿ. 400 ಮೀಟರ್ ನಡೆಯಲು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಬೇಕು, ಹೋಗಿ ಬರಲು ಹದಿನೇಳು ನಿಮಿಷ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿಬಂದರೆ ದಿನಕ್ಕೆ ಅರ್ಧ ಗಂಟೆಯ ಮೇಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಅಂದರೆ ದಿನಕ್ಕೆ 22 ನಿಮಿಷದಿಂದ ಶುರು. ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ. ಮಧ್ಯಮ ಶ್ರಮಕ್ಕೆ ಯಂತ್ರ ಬೇಡ: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಗಾಗಿ 400 ಮೀಟರ್ ದೂರದಲ್ಲಿ ಒಂದು ನಂದಿನಿ ಬೂತ್, ಅಲ್ಲಿಯವರೆಗೆ ನೆಟ್ಟಗಿರುವ ದಾರಿ ಇದ್ದರೆ ಸಾಕು. ಕಾರಲ್ಲಿ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ ಇಳಿಸಬೇಕಿಲ್ಲ. ವಾರಕ್ಕೊಮ್ಮೆ ಹೋಗುವ ಪಾರ್ಕಿಗಿಂತ ದಿನಕ್ಕೆರಡು ಸಲ ಹೋಗುವ ಅಂಗಡಿ ದೊಡ್ಡದು.

ಹೋಗಲಿಕ್ಕೊಂದು ಜಾಗ

ವಯಸ್ಸಾದವರು ಬರೀ 'ವ್ಯಾಯಾಮಕ್ಕೆ' ಅಂತ ಹೊರಡುವುದಕ್ಕಿಂತ ಏನಾದರೊಂದು ನೆಪದಲ್ಲಿ ಹೊರಡುವುದೇ ಹೆಚ್ಚು. ಹಾಲು, ಹೂವು, ಪೇಪರ್, ಕೊತ್ತಂಬರಿ ಕಟ್ಟು, ದೇವಸ್ಥಾನದ ಮಂಗಳಾರತಿ, ಮೆಡಿಕಲ್ ಸ್ಟೋರ್, ಪಾಸ್‌ಬುಕ್ ಎಂಟ್ರಿ. 2017ರಲ್ಲಿ ಸಂಶೋಧಕಿ ಎಸ್ಟರ್ ಸೆರಿನ್ ಮತ್ತು ಸಂಗಡಿಗರು ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ ಕಂಡದ್ದು ಇದೇ. ಅಂಗಡಿ ಮುಂಗಟ್ಟು ಹತ್ತಿರವಿರುವುದು, ರಸ್ತೆಗಳು ಒಂದಕ್ಕೊಂದು ಕೂಡಿಕೊಳ್ಳುವುದು, ನಡೆಯುವವರಿಗೆ ಅನುಕೂಲ ಇರುವುದು, ಇವು ಹಿರಿಯರ ಓಡಾಟವನ್ನು ಹೆಚ್ಚಿಸುತ್ತವೆ. ಕಸ ಮತ್ತು ಪಾಳುತನ ತಗ್ಗಿಸುತ್ತವೆ.

ಮಲ್ಲೇಶ್ವರ, ಬಸವನಗುಡಿಯಂಥ ಹಳೇ ಬಡಾವಣೆಗಳಲ್ಲಿ ಅಜ್ಜ ಅಜ್ಜಿಯರು ಇಂದಿಗೂ ಬೀದಿಯಲ್ಲಿ ಕಾಣುವುದಕ್ಕೆ ಮರಗಳಷ್ಟೇ ಕಾರಣ ಅಲ್ಲ. ಅಲ್ಲಿ ಚಿಕ್ಕ ಚಿಕ್ಕ ಕ್ರಾಸ್‌ಗಳಿವೆ. ಒಂದು ಕ್ರಾಸಿನಲ್ಲಿ ರಸ್ತೆ ಅಗೆದಿದ್ದರೆ ಮುಂದಿನದನ್ನು ಹಿಡಿಯಬಹುದು, ಸುತ್ತು ಐವತ್ತು ಮೀಟರ್ ಹೆಚ್ಚಾದೀತು ಅಷ್ಟೆ. ಎಂಟನೇ ಕ್ರಾಸಿನ ಹೂವು ತರಕಾರಿ, ಗಾಂಧಿ ಬಜಾರಿನ ಹಣ್ಣು, ಎರಡೂ ಕಡೆ ಕಾಫಿ ಸಿಗುವ ಹೋಟೆಲುಗಳು. ಹೊರವರ್ತುಲ ರಸ್ತೆಯಾಚೆಯ ಹೊಸ ಲೇಔಟುಗಳಲ್ಲಿ ಇದು ಉಲ್ಟಾ. ಅಪಾರ್ಟ್‌ಮೆಂಟಿನ ಒಳಗೆ ನುಣುಪಾದ ಟೈಲ್ಸ್ ದಾರಿ, ಹೂಗಿಡ, ಬೆಂಚು ಎಲ್ಲ ಇರುತ್ತದೆ. ಗೇಟು ದಾಟಿದರೆ ಟ್ಯಾಂಕರ್ ಓಡಾಡುವ ಮಣ್ಣಿನ ರಸ್ತೆ. ಹಾಗಾಗಿ ಕಾಂಪೌಂಡ್ ಒಳಗೇ ಮುನ್ನೂರು ಮೀಟರಿನ ಸುತ್ತು. ಮೊದಲ ತಿಂಗಳು ಆರು ಸುತ್ತು ಹಾಕುವವರು ಮೂರನೇ ತಿಂಗಳಿಗೆ ಎರಡಕ್ಕೆ ಇಳಿದಿರುತ್ತಾರೆ. ಬೇಜಾರು ಎನ್ನುವುದೂ ಒಂದು ಅಡ್ಡಿಯೇ, ಅದನ್ನು ಸೋಮಾರಿತನದ ಲೆಕ್ಕಕ್ಕೆ ಹಾಕಬಾರದು. ಅಂಥ ಕಡೆ ಅಪಾರ್ಟ್‌ಮೆಂಟ್ ಸಂಘದವರು ಹಣ್ಣಿನ ಗಾಡಿಯವರನ್ನೋ ಹೂವಿನವರನ್ನೋ ಬೆಳಗ್ಗೆ ಎರಡು ಗಂಟೆ ಒಳಗೆ ಬಿಟ್ಟರೆ, ಅದೂ ಹಿಂಬದಿಯ ಬ್ಲಾಕಿನ ಹತ್ತಿರ ನಿಲ್ಲಿಸಿದರೆ, ವ್ಯಾಯಾಮದ ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಆ್ಯಪಿನಲ್ಲಿ ಹತ್ತು ನಿಮಿಷಕ್ಕೆ ಹಾಲು ತರಿಸುವ ಮನೆಗಳಲ್ಲಿ ಹಿರಿಯರ ನೆಪವನ್ನು ನಾವೇ ಕಿತ್ತುಕೊಂಡಿರುತ್ತೇವೆ ಎನ್ನುವುದನ್ನೂ ಗಮನಿಸಿ.

ಬೀದಿ ವ್ಯಾಪಾರಿಗಳ ಬಗ್ಗೆ ಒಂದು ಮಾತು. ಫುಟ್‌ಪಾತ್ ಒತ್ತುವರಿ ಎಂದ ಕೂಡಲೇ ಎಲ್ಲರ ಬೆರಳು ತರಕಾರಿ ಗಾಡಿಯ ಕಡೆಗೆ. ಆದರೆ ಅಜ್ಜಿಗೆ ಆ ಗಾಡಿಯೇ ಗುರಿ, ಬಿದ್ದರೆ ಎತ್ತುವವರೂ ಗಾಡಿಯವರೇ. ಗಾಡಿ ಪಕ್ಕದಲ್ಲಿ ನಡೆಯಲು ಜಾಗ ಉಳಿದಿದೆಯೇ ಎನ್ನುವುದಷ್ಟೇ ಪ್ರಶ್ನೆ. ಇಡೀ ಸಾಲನ್ನು ಎಬ್ಬಿಸಿ ಖಾಲಿ ಮಾಡಿಸಿದ ಫುಟ್‌ಪಾತಿನಲ್ಲಿ ಮರುವಾರವೇ ಬೈಕುಗಳು ನಿಂತಿರುತ್ತವೆ, ನಡೆಯುವವರಿಗೆ ಬಂದದ್ದೇನೂ ಇಲ್ಲ.

ಚಪ್ಪಡಿ, ಅಂಚು, ಇಳಿಜಾರು

ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿ, ಐಆರ್‌ಸಿ 103, ಹೇಳುವುದು ಸರಳ. ಅಡ್ಡಿಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಇರಬೇಕು. ಕರ್ಬ್, ಅಂದರೆ ಫುಟ್‌ಪಾತಿನ ಅಂಚಿನ ಕಲ್ಲು, 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. ಕಂಬ, ಮರ, ಬೋರ್ಡು ಎಲ್ಲ ಈ 1.8ರ ಆಚೆಗೆ. ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟ್, ಟೆಂಡರ್‌ಶ್ಯೂರ್‌ ಎಂಬ ರಸ್ತೆ ಮರುನಿರ್ಮಾಣ ಯೋಜನೆಯಲ್ಲಿ ಮಾಡಿದ ರೆಸಿಡೆನ್ಸಿ ರಸ್ತೆಯಂಥ ಕೆಲವು ಕಡೆ ಇದಕ್ಕೆ ಹತ್ತಿರದ್ದನ್ನು ಕಾಣಬಹುದು. ಆದರೆ ವಯಸ್ಸಾದವರು ಇರುವುದು ಕ್ರಾಸ್ ರಸ್ತೆಗಳಲ್ಲಿ.

ಅಲ್ಲಿ ಫುಟ್‌ಪಾತ್ ಎಂದರೆ ಬಹುತೇಕ ಮಳೆನೀರು ಚರಂಡಿಯ ಮುಚ್ಚಳ. ಸಮಸ್ಯೆಯೆಲ್ಲ ಶುರುವಾಗುವುದು ಇಲ್ಲಿಂದ. ಚರಂಡಿಗೆ ಆಳ ಸಿಗಲಿ ಅಂತ ಅದರ ಗೋಡೆಯನ್ನು ರಸ್ತೆ ಮಟ್ಟಕ್ಕಿಂತ ಮೇಲಕ್ಕೆ ಕಟ್ಟುತ್ತಾರೆ, ಮೇಲೆ ಚಪ್ಪಡಿ ಹಾಸುತ್ತಾರೆ. ಎತ್ತರ 25–30 ಸೆಂಟಿಮೀಟರ್ ಆಗಿಹೋಗುತ್ತದೆ. ಸೀರೆ ಉಟ್ಟವರು ಇದನ್ನು ಹತ್ತುವುದನ್ನು ಹತ್ತಿರದಿಂದ ನೋಡಿ: ಒಂದು ಕೈ ನೆರಿಗೆ ಎತ್ತಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ಚೀಲ. ಆಸರೆಗೆ ಮೂರನೇ ಕೈ ಇಲ್ಲ. ಅದಕ್ಕೇ ಅವರು ಫುಟ್‌ಪಾತ್ ಹತ್ತದೆ ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ. 'ಫುಟ್‌ಪಾತ್ ಇದ್ದರೂ ಜನ ಬಳಸಲ್ಲ' ಎನ್ನುವ ಎಂಜಿನಿಯರುಗಳಿಗೆ ಉತ್ತರ ಈ ಎತ್ತರದಲ್ಲೇ ಇದೆ.

ಎರಡನೆಯದು ಮನೆಗಳ ರ್‍ಯಾಂಪ್. ಕಾರು ಒಳಗೆ ಹೋಗಲು ಪ್ರತಿ ಮನೆಯವರೂ ಫುಟ್‌ಪಾತನ್ನು ಕತ್ತರಿಸಿ ಗ್ರಾನೈಟ್ ಇಳಿಜಾರು ಹಾಕಿಸಿರುತ್ತಾರೆ. ಮೂವತ್ತು ಅಡಿಗೊಮ್ಮೆ ಹತ್ತಬೇಕು, ಒಮ್ಮೆ ಇಳಿಯಬೇಕು. ಅಡ್ಡಡ್ಡ ಇಳಿಜಾರಿನ ಮೇಲೆ ನಡೆದಾಗ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಸೊಂಟ ನೋವಿರುವವರಿಗೆ ಇದೇ ಸಾಕು. ಪಾಲಿಷ್ ಗ್ರಾನೈಟ್ ಒದ್ದೆಯಾದರೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಸರಿಯಾದ ವಿಧಾನ ಎಂದರೆ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು, ಕಾರೇ ಅಂಚಿನಲ್ಲಿ ಹತ್ತಿ ಬರಬೇಕು. ಹೊಸದಾಗಿ ಹಾಕಿಸುವವರು ಕನಿಷ್ಠ ಪಾಲಿಷ್ ಮಾಡದ, ಉಳಿಪೆಟ್ಟಿನ ಕಲ್ಲು ಹಾಕಿಸಲಿ. ಇರುವ ಪಾಲಿಷ್ ಕಲ್ಲನ್ನು ಕಲ್ಲು ಕೆಲಸದವರಿಂದ ಅಲ್ಲೇ ಒರಟು ಮಾಡಿಸಲೂಬಹುದು.

ಇನ್ನು ಜನ ಎಡವುವುದು ಎಲ್ಲಿ? ಮೊಣಕಾಲುದ್ದದ ಗುಂಡಿಯಲ್ಲಿ ಅಲ್ಲ, ಅದು ಕಣ್ಣಿಗೆ ಕಾಣುತ್ತದೆ. ನಡೆಯುವಾಗ ಮುಂದಕ್ಕೆ ಬರುವ ಪಾದದ ತುದಿ ನೆಲದಿಂದ ಒಂದು ಒಂದೂವರೆ ಸೆಂಟಿಮೀಟರಿನಷ್ಟೇ ಮೇಲಿರುತ್ತದೆ. ಹಾಗಾಗಿ ಎರಡು ಸೆಂಟಿಮೀಟರ್ ಎದ್ದ ಚಪ್ಪಡಿಯ ಅಂಚು, ಕುಸಿದ ಇಂಟರ್‌ಲಾಕ್ ಇಟ್ಟಿಗೆ, ಕೇಬಲ್ ಎಳೆದು ಮೇಲೆ ಕಾಂಕ್ರೀಟ್ ಬಳಿದ ಪಟ್ಟಿ, ಇವು ಹೆಚ್ಚು ಅಪಾಯ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಇದ್ದವರಿಗೆ ಕೆಳಗೆ ನೋಡಿದಾಗ ಓದುವ ಗಾಜು ಅಡ್ಡ ಬಂದು ಮುಂದಿನ ಹೆಜ್ಜೆಯ ನೆಲ ಮಂಜಾಗುತ್ತದೆ. ದಿನಾ ಹೊರಗೆ ಓಡಾಡುವವರು ದೂರದೃಷ್ಟಿಗಷ್ಟೇ ಒಂದು ಬೇರೆ ಕನ್ನಡಕ ಮಾಡಿಸಿ ಬಾಗಿಲ ಬಳಿ ಇಟ್ಟುಕೊಳ್ಳುವುದು ಒಳ್ಳೆಯದು. ಕಣ್ಣಿನ ಡಾಕ್ಟರನ್ನು ಒಂದು ಮಾತು ಕೇಳಿ ಮಾಡಿಸಿ.

ಅಲ್ಲಾಡುವ ಚಪ್ಪಡಿಯ ಕತೆಯೂ ಪ್ರತಿವರ್ಷ ಒಂದೇ. ಮಳೆಗಾಲಕ್ಕೆ ಮುಂಚೆ ಹೂಳೆತ್ತಲು ಚಪ್ಪಡಿ ತೆಗೆಯುತ್ತಾರೆ. ಹೂಳನ್ನು ಪಕ್ಕದಲ್ಲೇ ರಾಶಿ ಹಾಕುತ್ತಾರೆ, ಅದು ಒಣಗಿ ಮತ್ತೆ ಒಳಗೆ ಬೀಳುತ್ತದೆ. ಚಪ್ಪಡಿಯನ್ನು ಹಾಗೇ ಮುಚ್ಚುತ್ತಾರೆ, ಕೆಳಗಿನ ಗಾರೆ ಮೊದಲೇ ಕಿತ್ತುಹೋಗಿರುತ್ತದೆ, ಒಂದು ಮೂಲೆಯಲ್ಲಿ ಜಲ್ಲಿ ಸಿಕ್ಕಿರುತ್ತದೆ. ಹಿಮ್ಮಡಿಯಿಂದ ನಾಲ್ಕು ಮೂಲೆಯನ್ನೂ ಒತ್ತಿ ನೋಡಿ, 'ಟಕ್' ಎಂದರೆ ಅದು ಅಲ್ಲಾಡುವ ಚಪ್ಪಡಿ. ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಚಪ್ಪಡಿ ಎತ್ತಿ, ಗೋಡೆಯ ಮೇಲಿನ ಮಣ್ಣು ಜಲ್ಲಿ ಕೆರೆದು, ನೀರು ಚಿಮುಕಿಸಿ, ಒಂದಕ್ಕೆ ನಾಲ್ಕರ ಸಿಮೆಂಟ್ ಮರಳಿನ ಗಾರೆಯನ್ನು ಎರಡು ಸೆಂಟಿಮೀಟರ್ ದಪ್ಪ ಹಾಕಿ ಕೂರಿಸಬೇಕು. ಒಂದು ದಿನ ಯಾರೂ ಕಾಲಿಡಬಾರದು. ಆದರೆ ಎರಡಡಿ ಮೂರಡಿಯ, ಮೂರು ಇಂಚು ದಪ್ಪದ ಕಲ್ಲು ಚಪ್ಪಡಿ 110 ಕಿಲೋ ತೂಗುತ್ತದೆ. ಹಾರೆ ಇರುವ ಇಬ್ಬರು ಬೇಕು, ಒಬ್ಬರು ಎತ್ತಲು ಹೋಗಿ ಬೆರಳು ಜಜ್ಜಿಕೊಳ್ಳಬೇಡಿ. ವಾರ್ಡಿನ ಎಂಜಿನಿಯರಿಗೆ ತಿಳಿಸಿಯೇ ಮಾಡಿಸಿ.

ಮರದ ಬೇರು ಫುಟ್‌ಪಾತ್ ಎಬ್ಬಿಸುವುದಕ್ಕೆ ಮರವನ್ನು ಬೈಯುವುದರಲ್ಲಿ ಅರ್ಥವಿಲ್ಲ. ಬುಡದವರೆಗೂ ಸಿಮೆಂಟ್ ಬಳಿದರೆ ನೀರು ಗಾಳಿ ಸಿಗದ ಬೇರು ಮೇಲಕ್ಕೇ ಬರುತ್ತದೆ. ಬುಡದ ಸುತ್ತ ಒಂದೊಂದು ಮೀಟರ್ ಮಣ್ಣು ಬಿಡಬೇಕು, ಎದ್ದ ಜಾಗದಲ್ಲಿ ಬೇರು ಕಡಿಯದೆ ಅದರ ಮೇಲೆ ನಿಧಾನದ ಇಳಿಜಾರು ಕೊಡಬೇಕು. ಜೂನ್ ತಿಂಗಳಲ್ಲಿ ನೇರಳೆ ಮರದ ಕೆಳಗಿನ ಫುಟ್‌ಪಾತ್ ಮಾತ್ರ ನಿಜಕ್ಕೂ ಜಾರುತ್ತದೆ. ತುಳಿದ ಹಣ್ಣಿನ ತಿರುಳು, ಮೇಲೆ ಜಿಟಿಜಿಟಿ ಮಳೆ. ಆ ಒಂದು ತಿಂಗಳು ಎದುರು ಬದಿ ಹಿಡಿಯಿರಿ.

ಫುಟ್‌ಪಾತ್ ಬಿಟ್ಟು ರಸ್ತೆಗಿಳಿಯಲೇಬೇಕಾದರೆ ವಾಹನ ಎದುರಿಗೆ ಬರುವ ಬದಿಯಲ್ಲಿ, ಅಂದರೆ ರಸ್ತೆಯ ಬಲಗಡೆ ನಡೆಯಬೇಕು. ಒನ್-ವೇನಲ್ಲೂ ಎರಡು ಕಡೆಯಿಂದ ಸ್ಕೂಟರ್ ಬರುವ ಊರು ನಮ್ಮದು, ಆ ಮಾತು ಬೇರೆ.

ಆರು ಸೆಕೆಂಡಿನ ಕೊರತೆ

ಮನೆಯಿಂದ ಹೊರಡುವ ದಾರಿಯಲ್ಲಿ ಒಂದು ಮುಖ್ಯರಸ್ತೆ ಅಡ್ಡ ಬಂದರೆ ಹಿರಿಯರ ಲೋಕ ಅಲ್ಲಿಗೆ ಮುಗಿಯುತ್ತದೆ. ಆಚೆ ಬದಿಯ ಪಾರ್ಕು ಇನ್ನೂರೇ ಮೀಟರ್ ಆಗಿದ್ದರೂ ಅದು ಅವರದ್ದಲ್ಲ.

ಸಿಗ್ನಲ್‌ಗಳಲ್ಲಿ ಪಾದಚಾರಿಗೆ ಕೊಡುವ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ವೇಗದ ಲೆಕ್ಕದಲ್ಲಿ ಹಾಕುತ್ತಾರೆ. 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡು. 0.8ರ ವೇಗದವರಿಗೆ ಬೇಕಾಗುವುದು ಹದಿನೇಳೂವರೆ. ಸುಮಾರು ಆರು ಸೆಕೆಂಡಿನ ಕೊರತೆ. ಎತ್ತರದ ಕರ್ಬ್ ಇಳಿಯಲು ಬೇಕಾಗುವ ಎರಡು ಸೆಕೆಂಡು ಇದರಲ್ಲಿ ಸೇರಿಲ್ಲ. ಹಸಿರು ಮುಗಿದಾಗ ಅವರು ಇನ್ನೂ ಕೊನೇ ಲೇನಿನಲ್ಲಿರುತ್ತಾರೆ. ಒಂದು ಸಲ ಹೀಗೆ ಹಾರ್ನಿನ ನಡುವೆ ಸಿಕ್ಕಿಕೊಂಡವರು ಆ ದಾರಿಯನ್ನು ಮತ್ತೆ ಹಿಡಿಯುವುದಿಲ್ಲ, ಮನೆಯಲ್ಲಿ ಹೇಳುವುದೂ ಇಲ್ಲ.

ನಿಮ್ಮ ಅಪ್ಪ ಅಮ್ಮನ ವೇಗವನ್ನು ಮನೆಯಲ್ಲೇ ನೋಡಬಹುದು. ಕಾರಿಡಾರಿನಲ್ಲೋ ಟೆರೇಸಿನಲ್ಲೋ 10 ಮೀಟರ್ ಅಳೆದು ಗುರುತು ಹಾಕಿ. ಗುರುತಿಗಿಂತ ಎರಡು ಮೀಟರ್ ಹಿಂದಿನಿಂದ ಶುರುಮಾಡಿಸಿ, ಎರಡು ಮೀಟರ್ ಮುಂದಕ್ಕೆ ಹೋಗಿ ನಿಲ್ಲಲಿ. ನಡುವಿನ ಹತ್ತು ಮೀಟರಿಗೆ ಮಾತ್ರ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಹನ್ನೆರಡೂವರೆ ಸೆಕೆಂಡು ಹಿಡಿದರೆ ವೇಗ 0.8. ಆಮೇಲೆ ಸಿಗ್ನಲ್ಲಿಗೆ ನೀವೊಬ್ಬರೇ ಹೋಗಿ ಹಸಿರು ಎಷ್ಟು ಸೆಕೆಂಡು ಇರುತ್ತದೆ ನೋಡಿ, ರಸ್ತೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆಯಿರಿ. ಭಾಗಿಸಿದರೆ ಅವರು ದಾಟಬಲ್ಲರೇ ಇಲ್ಲವೇ ಗೊತ್ತಾಗುತ್ತದೆ. ನಡುವೆ ಮೀಡಿಯನ್ ಇದ್ದು ಅದು 1.2 ಮೀಟರಿಗಿಂತ ಅಗಲವಿದ್ದರೆ ಎರಡು ಹಂತದಲ್ಲಿ ದಾಟುವುದನ್ನು ಅಭ್ಯಾಸ ಮಾಡಿಸಿ. ಸಿಂಗಪುರದಲ್ಲಿ 2009ರಿಂದ ಹಿರಿಯರು ತಮ್ಮ ರಿಯಾಯಿತಿ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ 3ರಿಂದ 13 ಸೆಕೆಂಡು ಹೆಚ್ಚು ಹೊತ್ತು ಉರಿಯುವ ವ್ಯವಸ್ಥೆ ಇದೆ. ನಮ್ಮಲ್ಲಿ ಅಷ್ಟಾಗದಿದ್ದರೂ ಪಾರ್ಕು, ಆಸ್ಪತ್ರೆ, ದೇವಸ್ಥಾನದ ಮುಂದಿನ ಸಿಗ್ನಲ್‌ಗಳ ಸಮಯ ಹೆಚ್ಚಿಸಲು ಸಂಚಾರ ಪೊಲೀಸರಿಗೆ ಬರೆಯಬಹುದು. ಬರೆಯುವಾಗ 'ಸಮಯ ಸಾಲದು' ಎನ್ನದೆ 'ಅಗಲ 14 ಮೀಟರ್, ಹಸಿರು 12 ಸೆಕೆಂಡು, ಬೇಕಾದ್ದು 18' ಎಂದೇ ಬರೆಯಿರಿ.

ಸ್ಕೈವಾಕ್ ಇದಕ್ಕೆ ಪರಿಹಾರ ಎನ್ನುವುದು ಹತ್ತಿ ನೋಡದವರ ಮಾತು. ಕೆಳಗೆ ಬಸ್ಸು ಲಾರಿ ಹೋಗಬೇಕಾದ್ದರಿಂದ ಆರು ಮೀಟರಿಗೂ ಮೇಲೆ ಹತ್ತಬೇಕು. ಮೆಟ್ಟಿಲಿಗೆ 15 ಸೆಂಟಿಮೀಟರ್ ಎಂದರೂ ನಲವತ್ತು ಮೆಟ್ಟಿಲು, ಇಳಿಯಲು ಇನ್ನೊಂದು ನಲವತ್ತು. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಲಿಫ್ಟ್ ಕೆಟ್ಟಿದ್ದರೆ ಆ ಸ್ಕೈವಾಕ್ ಬರೀ ಜಾಹೀರಾತಿನ ಚೌಕಟ್ಟು. ಇದಕ್ಕಿಂತ ಅಗ್ಗವಾಗಿ, ಚೆನ್ನಾಗಿ ಕೆಲಸ ಮಾಡುವುದು ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿದ ದಾಟುದಾರಿ. ನಡೆಯುವವರು ಇಳಿಯಬೇಕಿಲ್ಲ, ವಾಹನವೇ ಹತ್ತಿ ಇಳಿಯುವುದರಿಂದ ತಾನಾಗಿ ನಿಧಾನವಾಗುತ್ತದೆ.

ಬೆಂಚು ಮತ್ತು ಶೌಚಾಲಯ

ಎದೆ, ಸೊಂಟ, ಕಾಲಿನ ರಕ್ತನಾಳ, ಯಾವುದರ ತೊಂದರೆ ಇದ್ದರೂ ನಡಿಗೆಯ ಮಿತಿ ಬೀಳುವುದು ಕೂರಲು ಜಾಗ ಎಷ್ಟು ದೂರಕ್ಕಿದೆ ಎನ್ನುವುದರ ಮೇಲೆ. ಬ್ರಿಟನ್ನಿನ ಸಾರಿಗೆ ಇಲಾಖೆಯ ಮಾರ್ಗಸೂಚಿ ಜನ ಹೆಚ್ಚು ಓಡಾಡುವ ಕಡೆ 50 ಮೀಟರಿಗೊಂದು ಆಸನ ಇರಲಿ ಎನ್ನುತ್ತದೆ. ಹಳೇ ಮನೆಗಳ ಜಗಲಿ, ಅಶ್ವತ್ಥಕಟ್ಟೆ ಇದ್ದಾಗ ಮಾರ್ಗಸೂಚಿ ಬೇಕಿರಲಿಲ್ಲ. ಈಗ ಮನೆ ಮುಂದೆ ಯಾರೂ ಕೂರದಿರಲಿ ಅಂತ ಕಾಂಪೌಂಡಿನ ಅಂಚಿಗೆ ಗಾಜಿನ ಚೂರು, ಕಬ್ಬಿಣದ ಮುಳ್ಳು.

ಪಾರ್ಕಿನ ಕಲ್ಲು ಬೆಂಚುಗಳ ದೋಷ ಬೇರೆ ಥರದ್ದು. ದಾನಿಗಳ ಹೆಸರು ಕೆತ್ತಲು ಬೇಕಾದಷ್ಟು ಜಾಗ ಇರುತ್ತದೆ, ಒರಗಲು ಬೆನ್ನು ಇರುವುದಿಲ್ಲ, ಏಳುವಾಗ ಊರಿಕೊಳ್ಳಲು ಕೈ ಇರುವುದಿಲ್ಲ. ಎತ್ತರ 45 ಸೆಂಟಿಮೀಟರ್ ಆಸುಪಾಸಿನಲ್ಲಿರಬೇಕು. 38ಕ್ಕೆ ಇಳಿದರೆ ತೊಡೆಯ ಬಲ ಕಡಿಮೆಯಾದವರು ಕೂತರೆ ಏಳಲಾರರು, ಹಾಗಾಗಿ ಕೂರುವುದೇ ಇಲ್ಲ. ಬೆಂಚು ದಾನ ಮಾಡುವವರಿದ್ದರೆ ಬೆನ್ನು, ಎರಡು ಕೈ ಇರುವಂಥದ್ದನ್ನು ಕೊಡಿ, ಪಾರ್ಕಿನ ಒಳಗೆ ಹನ್ನೊಂದನೆಯದನ್ನು ಹಾಕಿಸುವ ಬದಲು ಪಾರ್ಕಿಗೆ ಬರುವ ದಾರಿಯಲ್ಲಿ ಒಂದನ್ನು ಹಾಕಿಸಿ.

ಶೌಚಾಲಯದ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು, ಕೆಮ್ಮಿದರೆ ಮೂತ್ರ ಜಿನುಗುವ ಹೆಂಗಸರು, ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರು, ಎಲ್ಲರೂ ಮನೆಯಿಂದ ಎಷ್ಟು ದೂರ ಹೋಗಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿರುತ್ತಾರೆ. ನೀರಿನ ಮಾತ್ರೆ ನುಂಗಿದ ಮೇಲೆ ಮೊದಲ ಕೆಲವು ಗಂಟೆ ಹೆಚ್ಚು ಸಲ ಹೋಗಬೇಕಾಗುತ್ತದೆ, ಆದ್ದರಿಂದ ವಾಕಿಂಗ್ ಮುಗಿಸಿ ಬಂದು ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ನೀರು ಕುಡಿಯುವುದನ್ನೇ ಬಿಟ್ಟು ಹೊರಡುವುದು ತಪ್ಪು, ಬೇಸಿಗೆಯಲ್ಲಿ ತಲೆ ತಿರುಗಿ ಬೀಳುವುದಕ್ಕೆ ದಾರಿ. ಮನೆಯ ಸುತ್ತಲಿನ ಒಂದು ನಕ್ಷೆ ಬರೆದುಕೊಂಡು ಅದರಲ್ಲಿ ಪಾರ್ಕಿನ ಶೌಚಾಲಯ, ಸುಲಭ್, ಪೆಟ್ರೋಲ್ ಬಂಕ್, ಪರಿಚಯದ ಕ್ಲಿನಿಕ್ ಗುರುತಿಸಿ. ಬೆಳಗ್ಗೆ ಆರೂವರೆಗೆ ಬೀಗ ತೆಗೆದಿರುತ್ತದೆಯೇ ಎಂದು ಹೋಗಿ ನೋಡಿಯೇ ಗುರುತಿಸಿ, ನಾಣ್ಯ ಹಾಕುವ ಇ-ಟಾಯ್ಲೆಟ್‌ಗಳನ್ನು ನಂಬಿ ಕೂರಬೇಡಿ.

ನಾಯಿ, ಬೆಳಕು, ಹೊತ್ತು

ಬ್ರಾಹ್ಮೀ ಮುಹೂರ್ತದಲ್ಲೇ ವಾಕಿಂಗ್ ಹೋಗಬೇಕೆಂಬ ಹಟ ಅನೇಕರಿಗೆ. ಬೆಂಗಳೂರಿನಲ್ಲಿ ಜೂನ್ ತಿಂಗಳಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಿ ಆರೂಮುಕ್ಕಾಲು ಆಗುತ್ತದೆ. ಗಡಿಯಾರ ನೋಡಿಕೊಂಡು ವರ್ಷವಿಡೀ ಐದೂವರೆಗೆ ಹೊರಟರೆ ಚಳಿಗಾಲದಲ್ಲಿ ಕತ್ತಲಲ್ಲಿ ನಡೆದಂತೆ. ಬೀದಿದೀಪ ಎಂಟು ಮೀಟರ್ ಮೇಲಿದ್ದು ಮರದ ಕೊಂಬೆ ಅದರ ಕೆಳಗಿದ್ದರೆ ರಸ್ತೆಗೆ ಬೆಳಕು, ಫುಟ್‌ಪಾತಿಗೆ ನೆರಳು. ವಯಸ್ಸಾದ ಕಣ್ಣಿಗೆ ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು, ಎರಡು ಸೆಂಟಿಮೀಟರಿನ ಆ ಅಂಚು ಅಲ್ಲೇ ಕಾದಿರುತ್ತದೆ. ಸೂರ್ಯ ಹುಟ್ಟಿದ ಕಾಲು ಗಂಟೆಯ ಮೇಲೆ ಹೊರಡಿ.

ನಾಯಿಗಳ ಗುಂಪು ಹೆಚ್ಚು ಚುರುಕಾಗಿರುವುದೂ ಆ ಮುಂಜಾವದಲ್ಲೇ, ಬೀದಿ ಖಾಲಿ ಇರುವ ಹೊತ್ತು. ಅವು ಇರುವ ಜಾಗ ಗೊತ್ತಾದದ್ದೇ: ಕಸದ ಬ್ಲ್ಯಾಕ್ ಸ್ಪಾಟ್, ಕೋಳಿ ಅಂಗಡಿಯ ಹಿಂಭಾಗ, ದಿನಾ ಅನ್ನ ಹಾಕುವ ಮೂಲೆ. ಅನ್ನ ಹಾಕುವವರ ಜೊತೆ ಜಗಳಕ್ಕಿಳಿಯುವುದಕ್ಕಿಂತ ಜಾಗ ಮತ್ತು ಹೊತ್ತು ಬದಲಿಸಲು ಕೇಳಿಕೊಂಡರೆ ಕೆಲಸ ಬೇಗ ಆಗುತ್ತದೆ. ಕೋಲನ್ನು ಮೇಲೆತ್ತಿ ಬೀಸಬೇಡಿ, ಅದು ಕೆರಳಿಸುತ್ತದೆ. ಕೋಲು ನೆಲಕ್ಕೂರಿ, ಓಡದೆ, ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ, ಪರಚಿದ್ದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಅವತ್ತೇ ಲಸಿಕೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಏನನ್ನೂ ಹಚ್ಚಬೇಡಿ.

ಟೇಪು, ಸೀಮೆಸುಣ್ಣ, ಫೋನು

ಮನೆಯ ಸುತ್ತಲ ದಾರಿಯನ್ನು ನೋಡಲು ಒಂದು ಭಾನುವಾರ ಸಾಕು. ಹಿರಿಯರನ್ನು ಬಿಟ್ಟು ಹೋಗಬೇಡಿ. ಮೂವತ್ತೈದರ ಕಾಲಿಗೆ ಕಾಣದ್ದು ಎಪ್ಪತ್ತೈದರ ಕಾಲಿಗೆ ಗೊತ್ತಿರುತ್ತದೆ. ಅವರು ಎಲ್ಲಿ ನಿಧಾನವಾದರು, ಎಲ್ಲಿ ಗೋಡೆ ಹಿಡಿದರು, ಎಲ್ಲಿ ಮಾತು ನಿಲ್ಲಿಸಿ ನೆಲ ನೋಡಿದರು, ಇದನ್ನು ಗುರುತು ಮಾಡಿಕೊಳ್ಳಿ. ಮಾತು ನಿಂತ ಜಾಗವೇ ತೊಂದರೆಯ ಜಾಗ. ಹಾಲು ಬೂತ್, ದೇವಸ್ಥಾನ, ಪಾರ್ಕು, ಈ ಮೂರಕ್ಕೂ ಎರಡೆರಡು ದಾರಿ ನಡೆದು ನೋಡಿ. ಅದೇ ದಾರಿಯನ್ನು ಸಂಜೆ ಆರೂವರೆಗೆ ಒಮ್ಮೆ, ಮಳೆ ಬಂದು ನಿಂತ ಮೇಲೆ ಒಮ್ಮೆ ನೋಡಬೇಕು. ಒಣಗಿದಾಗ ಚೆನ್ನಾಗಿದ್ದ ಕಡೆ ಮಳೆ ಬಂದಾಗ ಪಾದ ಮುಳುಗುವಷ್ಟು ನೀರಿರುತ್ತದೆ.

ಆಮೇಲೆ ಸಿಕ್ಕ ಅಡ್ಡಿಗಳನ್ನು ಯಾರು ತೆಗೆಯಬೇಕು ಎನ್ನುವುದರ ಪ್ರಕಾರ ಬೇರೆ ಮಾಡಿ. ಪಕ್ಕದ ಮನೆಯವರ ಹೂಕುಂಡ, ಬೈಕು, ತಲೆಗೆ ತಾಗುವ ಬೋಗನ್‌ವಿಲ್ಲಾ ಕೊಂಬೆ, ಇವು ಒಂದು ಲೋಟ ಕಾಫಿಯಲ್ಲಿ ಮುಗಿಯಬೇಕು. ಚಪ್ಪಡಿ, ಬೀದಿದೀಪ, ಕಸಕ್ಕೆ ಪಾಲಿಕೆಯ ಸಹಾಯವಾಣಿ 1533. ವಿದ್ಯುತ್ ಕಂಬ, ತೆರೆದ ಫೀಡರ್ ಬಾಕ್ಸಿಗೆ ಬೆಸ್ಕಾಂನ 1912. ಒಳಚರಂಡಿ ಮ್ಯಾನ್‌ಹೋಲ್ ಮುಚ್ಚಳಕ್ಕೆ ಜಲಮಂಡಳಿಯ 1916. ಫುಟ್‌ಪಾತಿನ ಮೇಲೆ ನಿಂತ ವಾಹನಕ್ಕೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್. 2025ರ ಸೆಪ್ಟೆಂಬರಿನಿಂದ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿದೆ, ನಿಮ್ಮದು ಯಾವುದೆಂದು ಮೊದಲೇ ತಿಳಿದುಕೊಂಡಿದ್ದರೆ ಒಂದು ಸುತ್ತು ಅಲೆದಾಟ ತಪ್ಪುತ್ತದೆ.

ಒಂದು ದೂರಿನಲ್ಲಿ ಒಂದೇ ವಿಷಯ ಬರೆಯಿರಿ. ಐದು ವಿಷಯ ಬರೆದರೆ ಕಸ ಎತ್ತಿಸಿ 'ಪರಿಹರಿಸಲಾಗಿದೆ' ಎಂದು ಮುಚ್ಚುತ್ತಾರೆ, ಚಪ್ಪಡಿ ಹಾಗೇ ಇರುತ್ತದೆ. ಎರಡು ಫೋಟೊ ಬೇಕು, ಒಂದು ಹತ್ತಿರದಿಂದ ಟೇಪು ಇಟ್ಟು, ಇನ್ನೊಂದು ದೂರದಿಂದ ಅಂಗಡಿಯ ಬೋರ್ಡೋ ಕಂಬದ ನಂಬರೋ ಕಾಣುವಂತೆ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ, ಲಿಖಿತ ಮನವಿಯಲ್ಲಿ ಅದನ್ನು ಒಂದು ಸಾಲು ಸೇರಿಸಿದರೆ ಕಡತಕ್ಕೆ ತೂಕ ಬರುತ್ತದೆ.

ಹಾಸನದಿಂದಲೋ ಶಿರಸಿಯಿಂದಲೋ ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆಸಿಕೊಳ್ಳುವವರು ಮನೆ ನೋಡುವಾಗ ಮಾಡಬೇಕಾದ್ದೂ ಇದನ್ನೇ. ಬ್ರೋಕರ್ ತೋರಿಸುವುದು ಬಾಲ್ಕನಿಯನ್ನು. ನೀವು ಗೇಟಿನಿಂದ ಹತ್ತಿರದ ಹಾಲು ಬೂತಿನವರೆಗೆ ನಡೆದು ಬನ್ನಿ, ದಾರಿಯಲ್ಲಿ ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು ಎಣಿಸಿ. ಆ ದಾರಿಯಲ್ಲಿ ಬೇರೆ ಯಾರಾದರೂ ವಯಸ್ಸಾದವರು ಒಬ್ಬರೇ ನಡೆಯುತ್ತಿದ್ದಾರೆಯೇ ನೋಡಿ. ಬೆಳಗ್ಗೆ ಏಳರಿಂದ ಎಂಟರ ನಡುವೆ ಒಬ್ಬರೂ ಕಾಣದಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಪಕ್ಕದ ಬಡಾವಣೆಯನ್ನೂ ನೋಡಿ. ಅಮೆರಿಕದ ಉಪನಗರಗಳಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳಿಗೆ ಹೋಗುವವರ ತೊಂದರೆ ಇದರ ಇನ್ನೊಂದು ತುದಿ. ಅಲ್ಲಿ ಎಷ್ಟೋ ಕಡೆ ಫುಟ್‌ಪಾತ್ ಚೆನ್ನಾಗಿರುತ್ತದೆ, ನಡೆದು ಹೋಗಿ ತರಲಿಕ್ಕೆ ಒಂದು ಕಟ್ಟು ಸೊಪ್ಪೂ ಸಿಗುವುದಿಲ್ಲ. ಅಂಥ ಕಡೆ ಹತ್ತಿರದ ಲೈಬ್ರರಿಗೆ ಅವರ ಹೆಸರಲ್ಲೇ ಕಾರ್ಡ್ ಮಾಡಿಸಲು ಆಗುತ್ತದೆಯೇ ವಿಚಾರಿಸಿ. ಪುಸ್ತಕ ಹಿಂದಿರುಗಿಸುವ ತಾರೀಕು ಇರುವುದರಿಂದ ಹೋಗಲೇಬೇಕಾಗುತ್ತದೆ.